ದೇವರ ಕಪಾಟಿನ ತೂತು

ನನಗೆ ಸಿಟ್ಟು ಬೇಗ ಬರುತ್ತದೆ. ಇದು ಅಜ್ಜನ ಕಡೆಯಿಂದ ಬಂದದ್ದು ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಂದು ಸಾಫ್ಟ್‌ವೇರಿನಿಂದ ಬಂದದ್ದು ಎಂದು ನಾನು ಹೇಳುತ್ತೇನೆ. ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಾಲೂರಿನ ಹೊರಗೆ, ಹೆಂಚಿನ ಕಾರ್ಖಾನೆಗಳ ಆಚೆ, ಅಡುಗೆಮನೆಯ ಕಪಾಟು ಮತ್ತು ಬಟ್ಟೆಯ ಬೀರು ಮಾಡುವ ಒಂದು ಶೆಡ್ಡು ಇತ್ತು. ಕೋಲಾರದಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಕಂಪ್ಯೂಟರಿನಲ್ಲಿ ಕಪಾಟುಗಳ ನಕ್ಷೆ ಬರೆಯುವುದು ನನ್ನ ಕೆಲಸ. ನಾನು ಬರೆದದ್ದನ್ನು ಒಂದು ದೊಡ್ಡ ಯಂತ್ರ ಓದಿಕೊಂಡು ಹಲಗೆ ಕೊಯ್ಯುತ್ತಿತ್ತು, ತೂತು ಕೊರೆಯುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವರು ಮಾಸ್ತಿ ಕಡೆಯ ಒಬ್ಬ ಆಪರೇಟರ್. ನನಗಿಂತ ಹದಿನೈದು ವರ್ಷ ದೊಡ್ಡವರು, ಆಕಾಶ ಕಳಚಿ ಬಿದ್ದರೂ ಗೊಣಗದ ಮನುಷ್ಯ. ಅವರ ಸಮಾಧಾನದ ಮುಖ ನೋಡಿದರೇ ನನಗೆ ಅರ್ಧ ಸಿಟ್ಟು ಬರುತ್ತಿತ್ತು.

ಆ ಸಾಫ್ಟ್‌ವೇರಿನಲ್ಲಿ ಕಪಾಟು ಎಂದರೆ ಒಂದು ಪೆಟ್ಟಿಗೆ, ಅದರ ಮುಂದೆ ಒಂದು ಬಾಗಿಲು. ನಮ್ಮ ಕೆಲಸದವರು ಅದನ್ನು ಶಟರ್ ಎನ್ನುತ್ತಿದ್ದರು, ನಾನಿಲ್ಲಿ ಬಾಗಿಲು ಎಂದೇ ಬರೆಯುತ್ತೇನೆ. ಬಾಗಿಲುಗಳೆಲ್ಲ ಒಂದು ಪಟ್ಟಿಯಲ್ಲಿ ಇರುತ್ತಿದ್ದವು, ಅದಕ್ಕೆ ಲೈಬ್ರರಿ ಎಂದು ಹೆಸರು. ಬೇಕಾದದ್ದನ್ನು ಆರಿಸಿದರೆ ಆ ಬಾಗಿಲು ಬಂದು ಕಪಾಟಿಗೆ ಕೂರುತ್ತಿತ್ತು. ಬಾಗಿಲು ತಿರುಗುವ ಹಿಂಜಿನ ಎರಡು ತೂತು, ಹಿಡಿಕೆಯ ಎರಡು ತೂತು ಅದೇ ತರುತ್ತಿತ್ತು. ಬೇರೆ ಏನಾದರೂ ತೂತು ಬೇಕಾದರೆ ನಾವೇ ಅಳತೆ ಕೊಟ್ಟು ಇಡಬೇಕು. ಅದೇನೂ ಕಷ್ಟವಲ್ಲ. ಕಷ್ಟ ಶುರುವಾಗುತ್ತಿದ್ದದ್ದು ಗಿರಾಕಿಯ ಮನಸ್ಸು ಬದಲಾದಾಗ. ಬಣ್ಣ ಬೇರೆ ಬೇಕೆಂದು ಬಾಗಿಲು ಬದಲಾಯಿಸಿದರೆ ಸಾಫ್ಟ್‌ವೇರು ಹಳೆಯ ಬಾಗಿಲನ್ನು ಬಿಸಾಕಿ ಹೊಸದನ್ನು ತಂದು ಕೂರಿಸುತ್ತಿತ್ತು. ನಾವು ಕಷ್ಟಪಟ್ಟು ಇಟ್ಟ ತೂತು ಹಳೆಯ ಬಾಗಿಲಿನ ಜೊತೆಗೇ ಹೋಗುತ್ತಿತ್ತು. ಹೇಳುವುದಿಲ್ಲ, ಕೇಳುವುದಿಲ್ಲ. ಕಡತ ಅಳಿಸುವಾಗ ಮೂರು ಸಲ 'ಖಂಡಿತವಾ?' ಎಂದು ಕೇಳುವ ಕಂಪ್ಯೂಟರು ತೂತು ಅಳಿಸುವಾಗ ಒಂದು ಮಾತೂ ಆಡುತ್ತಿರಲಿಲ್ಲ.

ಇಂಥದ್ದರಲ್ಲಿ ಮುಳಬಾಗಿಲಿನ ಒಂದು ಮನೆಯ ಕೆಲಸ ಬಂತು. ಮನೆಯ ಸೊಸೆ ಶ್ರೀನಿವಾಸಪುರದ ಕಡೆ ಶಾಲೆಯಲ್ಲಿ ಟೀಚರು, ಗಂಡನಿಗೆ ಕೋಲಾರದಲ್ಲಿ ಕಚೇರಿ. ಹಳೆಯ ಅಡುಗೆಮನೆ ಒಡೆಸಿ ಹೊಸದು ಮಾಡಿಸುತ್ತಿದ್ದರು. ಮೊದಲು ಗೋಡೆಯಲ್ಲಿ ದೇವರ ಗೂಡು ಇತ್ತಂತೆ, ಅದಕ್ಕೆ ಮರದ ಜಾಲರಿ ಬಾಗಿಲು. ಈಗ ಅದೇ ಜಾಗದಲ್ಲಿ ದೇವರಿಗೊಂದು ಕಪಾಟು ಆಗಬೇಕು, ಉಳಿದ ಕಪಾಟುಗಳ ಹಾಗೇ ನುಣ್ಣಗಿರಬೇಕು. ಒಂದೇ ವ್ಯತ್ಯಾಸ, ಅದರ ಬಾಗಿಲಿಗೆ ಎರಡು ಇಂಚಿನ ಒಂದು ತೂತು ಬೇಕು.

"ತೂತು ಯಾಕೆ ಮೇಡಂ?" ಎಂದು ಕೇಳಿದೆ. ಕೇಳಬಾರದಿತ್ತು.

"ನಮ್ಮತ್ತೆ ಸೊಂಟದ ಮೂಳೆ ಮುರ್ಕೊಂಡು ಹಾಲಲ್ಲಿ ಮಲಗಿದಾರೆ ಕಣಮ್ಮ. ಅವ್ರು ದೇವರ ದೀಪ ನೋಡ್ದೆ ಕಾಫಿ ಮುಟ್ಟಲ್ಲ. ಸ್ನಾನ ಆಗ್ದೆ ದೀಪ ನೋಡಲ್ಲ. ಮೈ ಒರೆಸೋಳು ಬರೋದು ಒಂಬತ್ತಕ್ಕೆ. ನಾವಿಬ್ರೂ ಏಳೂವರೆಗೆಲ್ಲ ಮನೆ ಬಿಡ್ತೀವಿ."

"ದೀಪ ಹಚ್ಚಿ, ಕಪಾಟಿನ ಬಾಗಿಲು ತೆಗೆದಿಟ್ಟು ಹೋಗಿ."

"ಫ್ಯಾನ್ ಗಾಳಿಗೆ ದೀಪ ಆರಿಹೋಗುತ್ತೆ."

"ಫ್ಯಾನ್ ಆರಿಸಿ."

"ಈ ಬಿಸಿಲಲ್ಲಿ ಫ್ಯಾನಿಲ್ದೆ ಮಲಗಿದ್ರೆ ಬೆನ್ನೆಲ್ಲ ಹುಣ್ಣಾಗಲ್ವೇನಮ್ಮ?"

"ಮಂಚ ಗಾಳಿ ಬರದ ಕಡೆ ತಿರುಗಿಸಿ."

"ತಲೆ ಉತ್ತರಕ್ಕೆ ಬರುತ್ತೆ."

ನಮ್ಮ ಮನೆಯಲ್ಲೂ ಉತ್ತರಕ್ಕೆ ತಲೆ ಹಾಕಿ ಮಲಗಲು ಬಿಡುವುದಿಲ್ಲ. ಕೊನೆಯದಾಗಿ, ಮೈ ಒರೆಸಲು ಬರುವವರಿಗೇ ಬಾಗಿಲು ತೆಗೆಯಲು ಹೇಳಬಹುದಲ್ಲ ಎಂದೆ.

"ಅಯ್ಯೋ, ಅವ್ಳು ಎಲ್ಲೆಲ್ಲೋ ಕೆಲಸ ಮಾಡ್ಕೊಂಡು ಬರ್ತಾಳೆ. ಸ್ನಾನ ಇಲ್ಲ, ಏನಿಲ್ಲ. ದೇವರ ಕಪಾಟು ಮುಟ್ಟೋದು ನಮ್ಮತ್ತೆಗೆ ಆಗಲ್ಲ."

ಸ್ನಾನ ಎನ್ನುವುದು ಹೇಳುವ ಕಾರಣ. ಹೇಳದ ಕಾರಣ ಒಂದಿರುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದನ್ನು ಕೆದಕಲು ನಾನು ಹೋಗಲಿಲ್ಲ, ನನ್ನ ಕೆಲಸ ಕಪಾಟು ಬರೆಯುವುದು. ಅಂತೂ ಲೆಕ್ಕ ಇಷ್ಟು. ದೀಪ ಒಳಗೆ ಉರಿಯುತ್ತಿರಬೇಕು, ಬಾಗಿಲು ಮುಚ್ಚಿರಬೇಕು, ಹದಿನಾಲ್ಕು ಅಡಿ ದೂರದ ಮಂಚದ ಮೇಲೆ ಎರಡು ದಿಂಬಿಗೆ ಒರಗಿದ ಅಜ್ಜಿಗೆ ಆ ತೂತಿನಿಂದ ದೀಪ ಕಾಣಬೇಕು. ಕಂಡರೆ ಫ್ಲಾಸ್ಕಿನ ಕಾಫಿ, ಆಮೇಲೆ ತಿಂಡಿ, ಆಮೇಲೆ ಮಾತ್ರೆ. ಕಾಣದಿದ್ದರೆ ಸೊಸೆ ಸಂಜೆ ಐದಕ್ಕೆ ಬಂದು ಬಾಗಿಲು ತೆಗೆಯುವ ತನಕ ಏನೂ ಇಲ್ಲ. ಎಪ್ಪತ್ತೆಂಟು ವರ್ಷದ ಹೆಂಗಸಿನ ಹೊಟ್ಟೆ ಎರಡು ಇಂಚಿನ ತೂತಿನ ಮೇಲೆ ನಿಂತಿತ್ತು. ಟೀಚರಮ್ಮ ಕೊಟ್ಟ ಅಳತೆಗೆ ನಾನು ತೂತು ಇಟ್ಟೆ. ಚಂದ ಕಂಡಿತು.

ಮೂರು ದಿನ ಬಿಟ್ಟು ಟೀಚರಮ್ಮನ ಫೋನು. ಸಾಗವಾನಿ ಬಣ್ಣ ಬೇಡ, ಕೆನೆ ಬಣ್ಣ ಇರಲಿ. ಎಲ್ಲ ಕಪಾಟುಗಳನ್ನೂ ಒಟ್ಟಿಗೆ ಆರಿಸಿ ಒಂದೇ ಏಟಿಗೆ ಬಣ್ಣ ಬದಲಾಯಿಸಿದೆ. ನನ್ನ ಚುರುಕುತನಕ್ಕೆ ನಾನೇ ಮೆಚ್ಚಿಕೊಂಡು ಊಟಕ್ಕೆ ಹೋದೆ. ಬಾಗಿಲುಗಳು ತಯಾರಾಗಿ, ಮುಳಬಾಗಿಲಿಗೆ ಹೋಗಿ, ಗೋಡೆಗೆ ಕೂತವು. ಮಾರನೆಯ ದಿನ ಸಂಜೆ ಮತ್ತೆ ಫೋನು ಬಂತು.

"ಕಿಂಡಿ ಎಲ್ಲಮ್ಮ?"

"ಯಾವ ಕಿಂಡಿ?"

"ನಮ್ಮತ್ತೆ ಕಿಂಡಿ. ಬೆಳಿಗ್ಗೆಯಿಂದ ಬಾಗಿಲ ಕಡೆ ನೋಡ್ಕೊಂಡು ಮಲಗಿದಾರೆ. ಐದು ಗಂಟೆ ತನಕ ಒಂದು ತೊಟ್ಟು ನೀರು ಕುಡಿದಿಲ್ಲ."

ಕಂಪ್ಯೂಟರಿನಲ್ಲಿ ನೋಡಿದೆ. ಬಾಗಿಲು ನುಣ್ಣಗೆ, ಕೆನೆ ಬಣ್ಣದಲ್ಲಿ, ತೂತಿನ ಸುಳಿವೇ ಇಲ್ಲದೆ ನನ್ನನ್ನು ನೋಡುತ್ತಿತ್ತು. ನಾನು ಮರೆತೆನೋ ಎಂದುಕೊಂಡೆ. ಹಳೆಯ ಕಡತ ತೆಗೆದರೆ ತೂತು ಇತ್ತು. ಬಣ್ಣ ಬದಲಾಯಿಸಿದೆ, ಹೋಯಿತು. ಮತ್ತೆ ತೆಗೆದೆ, ಇತ್ತು. ಬದಲಾಯಿಸಿದೆ, ಹೋಯಿತು. ಹೀಗೆ ಆರು ಸಲ ಮಾಡಿ, ಏಳನೆಯ ಸಲ ಕೀಬೋರ್ಡಿಗೆ ಗುದ್ದಿದೆ. ಅದರಲ್ಲಿ ಒಂದು ಕೀಲಿ ಅವತ್ತಿನಿಂದ ಕೆಲಸ ಮಾಡಲಿಲ್ಲ. ಆಪರೇಟರ್ ಅಣ್ಣ ಬಂದು ನೋಡಿ, "ಪರವಾಗಿಲ್ಲ ಮೇಡಂ, ಅದೊಂದು ಕೀ ಯಾರು ಬಳಸ್ತಾರೆ" ಎಂದರು.

ಅಲ್ಲೇ ಹೋಗಿ ಕೈಯಲ್ಲಿ ಕೊರೆದುಬಿಡುವುದು ಸುಲಭವಾಗಿತ್ತು. ಕೂರಿಸುವ ಹುಡುಗರು ಡ್ರಿಲ್ಲು ತೆಗೆದುಕೊಂಡು ಹೋದರು. ಅಜ್ಜಿ ಮಂಚದಿಂದಲೇ, "ದೇವ್ರು ಒಳಗ್ ಕೂತಿರೋವಾಗ ಅವ್ರ ಮುಖಕ್ಕೆ ಡ್ರಿಲ್ ಹಿಡೀತೀರೇನ್ರೋ?" ಎಂದು ಗದರಿದರಂತೆ. ಬಾಗಿಲು ಬಿಚ್ಚಿ ಹೊರಗೆ ಕೊರೆಯೋಣ ಎಂದು ಮೊದಲು ಒಂದು ತುಂಡು ಹಲಗೆಯ ಮೇಲೆ ನೋಡಿದರು. ಮೇಲಿನ ಪದರ ಕಿತ್ತುಬಂದು ಇಲಿ ಕಡಿದ ಹಾಗಾಯಿತು. ಟೀಚರಮ್ಮ, ನನಗೆ ಇಂಥದ್ದು ಬೇಡ, ಯಂತ್ರದಲ್ಲೇ ಕೊರೆದ ಹೊಸ ಬಾಗಿಲು ಕೊಡಿ ಎಂದರು. ಹೊಸ ಬಾಗಿಲು ಎಂದರೆ ಎರಡು ವಾರ. ಮಗ ಒಂದು ವಾರ ರಜೆ ಹಾಕಿ ಮನೆಯಲ್ಲಿ ಕೂತರು, ಒಂಬತ್ತೂವರೆಗೆ ಎದ್ದು ಕಪಾಟಿನ ಬಾಗಿಲು ತೆಗೆಯಲಿಕ್ಕೆ. ಎರಡನೆಯ ವಾರ ಅವರಿಗೆ ರಜೆ ಸಿಗಲಿಲ್ಲ, ಅಜ್ಜಿಗೆ ಕಾಫಿ ಸಿಗಲಿಲ್ಲ.

ಎರಡನೆಯ ಬಾಗಿಲಿಗೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ತೂತು ಇಟ್ಟೆ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಗ ಟೀಚರಮ್ಮನ ಮೂರನೆಯ ಫೋನು ಬಂತು. ದೇವರ ಕಪಾಟಿನ ಬಾಗಿಲು ತೆಗೆದರೆ ಫ್ರಿಜ್ಜಿಗೆ ಬಡಿಯುತ್ತದೆ, ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆಯಲಿ. ಬಾಗಿಲು ತಿರುಗಿಸಿದೆ. ತೂತು ಮಾಯ. ಈ ಸಲ ನೋಡಿಕೊಂಡೆ, ಜಂಬದಿಂದ ಗೋಡೆಯ ಕಾಗದ ನೋಡಿ ಅದೇ ಅಳತೆಗೆ ಮತ್ತೆ ಇಟ್ಟೆ. ಅಳತೆ ಹಿಂಜಿನ ಕಡೆಯಿಂದ ಇತ್ತು, ಹಿಂಜು ಈಗ ಬೇರೆ ಕಡೆ ಇದೆ ಎನ್ನುವುದು ನನಗೆ ಹೊಳೆಯಲಿಲ್ಲ. ಬಾಗಿಲು ಹೋಗಿ ಕೂತಿತು. ತೂತು ಇತ್ತು. ತೂತಿನಲ್ಲಿ ದೀಪದ ಎಣ್ಣೆಯ ಡಬ್ಬ ಕಾಣುತ್ತಿತ್ತು.

ಈ ಸಲ ಅಜ್ಜಿಯೇ ಫೋನು ಇಸಿದುಕೊಂಡು ಮಾತಾಡಿದರು. ದನಿ ಸಣ್ಣಗಾಗಿತ್ತು, ಮಾತು ಸಣ್ಣಗಾಗಿರಲಿಲ್ಲ.

"ಏನಮ್ಮಾ, ನಾನು ಎಣ್ಣೆ ಡಬ್ಬಕ್ಕೆ ಕೈ ಮುಗಿದು ಕಾಫಿ ಕುಡೀಲಾ?"

"ಅಜ್ಜಿ, ದೀಪಾನ ಒಂದು ಅಡಿ ಪಕ್ಕಕ್ಕೆ ಇಟ್ಕೊಂಡ್ರೆ..."

"ನಿಮ್ಮ ತೂತಿಗೋಸ್ಕರ ದೇವ್ರು ಸರ್ಕೊಂಡು ಕೂತ್ಕೋಬೇಕಾ?"

ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ನನ್ನ ಡಬ್ಬಿಯ ಮುಚ್ಚಳ ತೆಗೆದರೆ ಚಿತ್ರಾನ್ನ ಸೇರಲಿಲ್ಲ. ಎಲ್ಲೋ ಮುಳಬಾಗಿಲಿನಲ್ಲಿ ಒಬ್ಬರು ನನ್ನ ದೆಸೆಯಿಂದ ಹಸಿದು ಮಲಗಿದ್ದಾರೆ ಎಂದು ಗೊತ್ತಿದ್ದು ತಿನ್ನುವುದು ಹೇಗೆ?

ಸಾಫ್ಟ್‌ವೇರಿನವರಿಗೆ ಒಂದು ಸಹಾಯದ ನಂಬರಿತ್ತು. ಮಾಡಿದೆ. ಬಹಳ ಸೌಮ್ಯ ದನಿಯ ಒಬ್ಬ ಯುವಕ ತೆಗೆದ. ಯಾವುದೋ ದೂರದ ಊರಿನವನು, ಪುಣ್ಯಕ್ಕೆ ಕನ್ನಡ ಬರುತ್ತಿತ್ತು.

"ಬಾಗಿಲಿಗೆ ತೂತು ಯಾತಕ್ಕೆ ಮೇಡಂ?"

"ದೀಪ ನೋಡೋಕೆ."

"ಹ್ಯಾಲೊಜೆನ್ ದೀಪಾನಾ?"

"ಎಣ್ಣೆ ದೀಪ."

ಸ್ವಲ್ಪ ಹೊತ್ತು ಕೀಲಿ ಒತ್ತುವ ಸದ್ದು ಕೇಳಿಸಿತು. "ಎಣ್ಣೆ ದೀಪ ನಮ್ಮ ಲೈಬ್ರರಿಲಿ ಇಲ್ಲ ಮೇಡಂ."

ದೀಪದ ವಿಷಯ ಬಿಡಿ, ಬಾಗಿಲು ಬದಲಾಯಿಸಿದರೆ ತೂತು ಯಾಕೆ ಹೋಗುತ್ತದೆ ಹೇಳಿ ಎಂದು ಕೂಗಿದೆ. ಅವನು ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಹೇಳಿದ, "ಹೊಸ ಬಾಗಿಲು ಅಂದ್ರೆ ಹೊಸ ಬಾಗಿಲೇ ಮೇಡಂ. ಹಳೇ ಬಾಗಿಲಿನ ತೂತು ಅದಕ್ಕೆ ಯಾಕೆ ಬರಬೇಕು?"

ಹಳೆಯ ಅಂಗಿ ಹರಿದಿದ್ದರೆ ಹೊಸ ಅಂಗಿಯೂ ಹರಿದೇ ಬರಬೇಕೆಂದು ಅಂಗಡಿಯಲ್ಲಿ ಜಗಳ ಮಾಡುವವಳ ಹಾಗೆ ನಾನು ಅವನಿಗೆ ಕಂಡಿರಬೇಕು. ಆದರೆ ಕೊನೆಗೆ ಒಂದು ಉಪಾಯ ಹೇಳಿಕೊಟ್ಟ. ತೂತಿರುವ ಬಾಗಿಲನ್ನೇ ಒಂದು ಹೊಸ ಬಾಗಿಲೆಂದು ಲೈಬ್ರರಿಯಲ್ಲಿ ಉಳಿಸಿಬಿಡಿ, ಆಗ ಅದು ಬಂದಾಗಲೆಲ್ಲ ತೂತಿನ ಸಮೇತ ಬರುತ್ತದೆ. ಬಂಗಾರದಂಥ ಉಪಾಯ. ಫೋನಿಟ್ಟ ತಕ್ಷಣ ಹಾಗೇ ಮಾಡಿದೆ. ಹೊಸ ಹೆಸರು ಕೊಡಬೇಕಿತ್ತು. ನಾನು ಸಿಟ್ಟಿನ ಭರದಲ್ಲಿ ಹಳೆಯ ಹೆಸರಿನ ಮೇಲೆಯೇ ಉಳಿಸಿದೆ. ನಮ್ಮ ಶೆಡ್ಡಿನಲ್ಲಿ ಹತ್ತರಲ್ಲಿ ಎಂಟು ಕಪಾಟಿಗೆ ಹೋಗುತ್ತಿದ್ದದ್ದು ಅದೇ ಬಾಗಿಲು.

ಆ ವಾರ ತಯಾರಾದ ಬಾಗಿಲಿಗೆಲ್ಲ ತೂತು. ಆಪರೇಟರ್ ಅಣ್ಣ ಗೊಣಗದ ಮನುಷ್ಯ ಎಂದೆನಲ್ಲ, ಒಂದು ಮಾತೂ ಕೇಳದೆ ಅಷ್ಟನ್ನೂ ಕೊರೆದುಕೊಟ್ಟಿದ್ದರು. "ನಕ್ಷೇಲಿತ್ತು ಮೇಡಂ. ಏನೋ ಕಾರಣ ಇರುತ್ತೆ ಅಂದ್ಕೊಂಡೆ." ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವರೊಬ್ಬರ ಅಡುಗೆಮನೆಗೆ ಹದಿನಾಲ್ಕು ಬಾಗಿಲು, ಹದಿನಾಲ್ಕು ತೂತು. ಕೋಲಾರದ ಒಬ್ಬ ಡಾಕ್ಟರ ಬಟ್ಟೆ ಬೀರುವಿಗೆ ಆರು. ಡಾಕ್ಟರ ಅತ್ತೆ ಆ ಕೋಣೆಯಲ್ಲಿ ಸೀರೆ ಬದಲಾಯಿಸುವುದನ್ನೇ ನಿಲ್ಲಿಸಿದರಂತೆ, ಬೀರು ನೋಡುತ್ತಾ ನಿಂತಿರುತ್ತದೆ ಎಂದು. ಇಷ್ಟೂ ಊರಿಗೆ ತೂತು ಹಂಚಿದ ಮೇಲೆ ಮುಳಬಾಗಿಲಿಗೆ ಹೋದ ಮೂರನೆಯ ಬಾಗಿಲು ಹೇಗಿತ್ತು? ಆ ಕಪಾಟಿನ ನಕ್ಷೆಯನ್ನು ನಾನು ಬೇರೆ ಕಡತದಲ್ಲಿ ಎತ್ತಿಟ್ಟುಕೊಂಡಿದ್ದೆ, ಯಾರೂ ಮುಟ್ಟದಿರಲಿ ಎಂದು. ಎತ್ತಿಟ್ಟ ಕಡತ ಹಳೆಯ ಲೈಬ್ರರಿಯ ತೂತಿಲ್ಲದ ಬಾಗಿಲನ್ನೇ ಹಿಡಿದುಕೊಂಡಿತ್ತು. ಮೂರು ತಾಲ್ಲೂಕಿನಲ್ಲಿ ಆ ವಾರ ತೂತಿಲ್ಲದೆ ಹೊರಟ ಬಾಗಿಲು ಅದೊಂದೇ.

ನಮ್ಮ ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದು ಚೀಲ ಜೋಡಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಶ್ರೀನಿವಾಸಪುರದವರ ಫೋನು ಬಂತು. ಮಾಲೀಕರು ಬೆವರು ಒರೆಸಿಕೊಳ್ಳುತ್ತಾ ತೆಗೆದರು. ಆ ಕಡೆಯ ದನಿ ಇಡೀ ಶೆಡ್ಡಿಗೆ ಕೇಳುವಷ್ಟು ದೊಡ್ಡದು.

"ಏನ್ ಸಾರ್ ಇದು, ಹೊಸಾ ಡಿಸೈನಾ? ಒಳಗ್ ಹಣ್ಣಿಟ್ರೆ ಗಾಳಿ ಭಲೇ ಆಡ್ತದೆ. ಆದ್ರೆ ಇಲಿ ತೂರ್ತದಲ್ಲ ಸಾರ್?"

ಮಾಲೀಕರು ಅರ್ಧ ಕ್ಷಣವೂ ತಡೆಯಲಿಲ್ಲ. "ಅದಕ್ಕೆ ಸ್ಟೀಲ್ ಜಾಲರಿ ಬಿಲ್ಲೆ ಬರ್ತಾ ಇದೆ ಸಾರ್. ಅದು ಎರಡನೇ ಹಂತ."

ಎರಡನೇ ಹಂತ! ಒಂದು ತಿಂಗಳೊಳಗೆ ಹೋಳೂರಿನಿಂದ ಗಂಡಹೆಂಡತಿ ಬಂದು, ಶ್ರೀನಿವಾಸಪುರದ ನೆಂಟರ ಮನೆಯಲ್ಲಿ ನೋಡಿದೆವು, ನಮಗೂ ಗಾಳಿಯಾಡುವ ಬಾಗಿಲೇ ಬೇಕು ಎಂದು ಪಟ್ಟು ಹಿಡಿದರು. ವಾಸ್ತು ನೋಡುವವರೊಬ್ಬರು ಬಂದು, ಆಗ್ನೇಯದ ಕಪಾಟಿಗೆ ಉಸಿರಿರಬೇಕು, ಇದನ್ನು ಯಾರು ಯೋಚನೆ ಮಾಡಿದ್ದು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ತೂತು ಬೇಡದ ಮನೆಯವರೆಲ್ಲ ತೂತಿನಿಂದ ಸುಖವಾಗಿದ್ದರು. ಬೇಕಾಗಿದ್ದ ಒಬ್ಬ ಅಜ್ಜಿ ಸಂಜೆ ಐದರ ತನಕ ನೀರಿಲ್ಲದೆ ಬೋಳು ಬಾಗಿಲು ನೋಡುತ್ತಾ ಮಲಗಿದ್ದರು.

ಪರಿಹಾರ ಕೊನೆಗೆ ಸಿಕ್ಕಿದ್ದು ಆಪರೇಟರ್ ಅಣ್ಣನಿಗೆ. ಕರೆಂಟಿಲ್ಲದೆ ಯಂತ್ರ ನಿಂತಿತ್ತು, ನನ್ನ ಕಂಪ್ಯೂಟರು ಮಾತ್ರ ಬ್ಯಾಟರಿಯಲ್ಲಿ ಕುಯ್ ಕುಯ್ ಎನ್ನುತ್ತಿತ್ತು. ಅವರು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದವರು, "ಬಾಗಿಲು ಬದಲಾಯ್ಸೋ ಈ ಕಿಟಕಿಗೆ ಮೂರನೇ ಪುಟ ಇದೆಯಲ್ಲ ಮೇಡಂ, ಅಲ್ಲೇನಿದೆ?" ಎಂದರು. ಅಲ್ಲಿಗೆ ನಾನು ಹೋಗೇ ಇರಲಿಲ್ಲ. ಮೂರನೆಯ ಪುಟದ ಕೆಳತುದಿಯಲ್ಲಿ ಸಣ್ಣದೊಂದು ಖಾಲಿ ಚೌಕ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು, ಬಾಗಿಲು ಬದಲಾಯಿಸುವಾಗ ಕೈಯಾರೆ ಕೊರೆದ ತೂತುಗಳನ್ನು ಉಳಿಸಿಕೊಳ್ಳಿ ಎಂದು. ಟಿಕ್ ಹಾಕಿದೆ. ಕೆನೆ ಬಣ್ಣ ಮಾಡಿದೆ, ತೂತು ಇತ್ತು. ಹಸಿರು ಮಾಡಿದೆ, ಇತ್ತು. ಗುಲಾಬಿ ಮಾಡಿದೆ. ಇತ್ತು. ಖುಷಿಯಾಗಬೇಕಿತ್ತು, ಆದರೆ ಆ ಚೌಕವನ್ನು ಅಲ್ಲಿ ಬಚ್ಚಿಟ್ಟವನು ಕೈಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಬರೆಯುವುದು ಬೇಡ.

ಇನ್ನು ಅಳತೆ ತಪ್ಪಬಾರದು ಎಂದು ಆ ಭಾನುವಾರ ನಾನೇ ಮುಳಬಾಗಿಲಿಗೆ ಹೋದೆ. ಅಜ್ಜಿಯನ್ನು ಮೊದಲ ಸಲ ನೋಡಿದ್ದು ಅವತ್ತು. ಫೋನಿನಲ್ಲಿ ಹುಲಿಯ ಹಾಗಿದ್ದವರು ಮಂಚದ ಮೇಲೆ ಒಂದು ಹಿಡಿ ಇದ್ದರು. ಕಣ್ಣಿನಿಂದ ದೀಪದ ಕುಡಿಗೆ ಒಂದು ದಾರ ಎಳೆದರೆ ಅದು ಬಾಗಿಲನ್ನು ಎಲ್ಲಿ ದಾಟುತ್ತದೋ ಅಲ್ಲೇ ತೂತು, ಇದು ನನ್ನ ಲೆಕ್ಕ. ದಾರದ ಒಂದು ತುದಿಯನ್ನು ಟೀಚರಮ್ಮ ಅಜ್ಜಿಯ ಬಲಗಣ್ಣಿನ ಪಕ್ಕ ಹಿಡಿದರು. ಬಾಗಿಲು ತೆರೆದಿಟ್ಟು, ಇನ್ನೊಂದು ತುದಿಯನ್ನು ದೀಪದ ಹತ್ತಿರ ಹಿಡಿದು ನಾನು ಕಪಾಟಿನ ಮುಂದೆ ನಿಂತೆ. ಫ್ಯಾನಿನ ಗಾಳಿಗೆ ನಡುವಿನ ದಾರ ತೂಗಾಡತೊಡಗಿತು. ಆಗ ಟೀಚರಮ್ಮ ಮೈ ಒರೆಸಲು ಬಂದಿದ್ದ ಹೆಂಗಸನ್ನು ಕರೆದರು. ಕುರುಡುಮಲೆ ಕಡೆಯ ಹಳ್ಳಿಯವರು, ನಲವತ್ತರ ಆಸುಪಾಸು, ತೆಳ್ಳಗೆ, ಚುರುಕಾಗಿದ್ದರು.

"ನಡುವಲ್ಲಿ ಸ್ವಲ್ಪ ಹಿಡ್ಕೋ ಬಾ. ಅಲ್ಲೇ, ಹೊಸಲ ಹತ್ರ ನಿಲ್ಲು. ಒಳಗ್ ಬರ್ಬೇಡ."

ಆಕೆ ಅಡುಗೆಮನೆಯ ಹೊಸಲಿನಾಚೆ ನಿಂತು ಕೈ ಮಾತ್ರ ಒಳಗೆ ಚಾಚಿ ದಾರ ಹಿಡಿದರು. ಅಜ್ಜಿ ಒಮ್ಮೆ ಕೆಮ್ಮಿದರು, ದಾರ ಕುಣಿಯಿತು. ದಿಂಬು ಕುಸಿಯಿತು, ಮತ್ತೆ ಎತ್ತಿದೆವು. ಇದ್ದಕ್ಕಿದ್ದಂತೆ ಕರೆಂಟು ಹೋಯಿತು, ಫ್ಯಾನು ನಿಂತಿತು, ದಾರ ನೆಟ್ಟಗಾಯಿತು. ಕರೆಂಟು ಹೋದದ್ದಕ್ಕೆ ನಾನು ಸಂತೋಷಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಮೂರು ಸಲ ಅಳೆದೆ, ನಾಲ್ಕು ಕಡೆ ಬರೆದುಕೊಂಡೆ.

ಎರಡು ವಾರದ ಮೇಲೆ ನಾಲ್ಕನೆಯ ಬಾಗಿಲು ತಯಾರಾಯಿತು. ಕೂರಿಸುವ ಹುಡುಗರನ್ನು ನಂಬದೆ ಆಪರೇಟರ್ ಅಣ್ಣನನ್ನು ಕರೆದುಕೊಂಡು ನಾನೇ ಹೊರಟೆ. ಅವತ್ತು ಕೋಲಾರದಲ್ಲಿ ನಮ್ಮ ಬೀದಿಗೆ ನೀರು ಬಂದಿರಲಿಲ್ಲ. ಕೊಡದಲ್ಲಿ ಉಳಿದಿದ್ದರಲ್ಲಿ ಮುಖ ತೊಳೆದುಕೊಂಡು ಬಸ್ಸು ಹತ್ತಿದ್ದೆ. ಮನೆಯಲ್ಲಿ ಅಜ್ಜಿ ಮತ್ತು ಮೈ ಒರೆಸುವ ಆಕೆ ಇಬ್ಬರೇ ಇದ್ದರು, ಉಳಿದವರು ಕೆಲಸಕ್ಕೆ ಹೋಗಿದ್ದರು. ನಾನು ಅಡುಗೆಮನೆಗೆ ಕಾಲಿಡುವಾಗ ಅಜ್ಜಿ ಮಂಚದಿಂದ ಕೇಳಿದರು, "ಸ್ನಾನ ಆಗಿದೆಯಾಮ್ಮ?"

"ಆಗಿದೆ ಅಜ್ಜಿ" ಎಂದೆ. ಆಪರೇಟರ್ ಅಣ್ಣನನ್ನೂ ಕೇಳಿದರು. ಅವರದು ನಿಜವಾಗಿಯೂ ಆಗಿತ್ತು.

ಬಾಗಿಲು ಕೂತಿತು. ಹಿಂಜು ಬಿಗಿಯಿತು. ಮುಚ್ಚಿದೆ. ಅಜ್ಜಿ ಎರಡು ದಿಂಬಿಗೆ ಒರಗಿ, ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ ನೋಡಿದರು. ನಾನು ತೂತಿಗೆ ಅಡ್ಡ ಬರದ ಹಾಗೆ ಪಕ್ಕಕ್ಕೆ ಸರಿದೆ.

"ಕಾಣ್ತು," ಎಂದರು ಅಜ್ಜಿ. "ಕುಡಿ ಸಮೇತ ಕಾಣ್ತು. ಭೇಷ್."

ನನಗೆ ಅಳು ಬರುವುದರಲ್ಲಿತ್ತು. ನಾಲ್ಕು ಬಾಗಿಲು, ಎರಡೂವರೆ ತಿಂಗಳು, ಒಂದು ಕೀಬೋರ್ಡು. ಫ್ಲಾಸ್ಕಿನಿಂದ ನಾನೇ ಕಾಫಿ ಬಗ್ಗಿಸಿ ಕೊಡೋಣವೆಂದು ಲೋಟ ಎತ್ತಿಕೊಂಡೆ. ಅಜ್ಜಿ ಕೈಯಲ್ಲೇ ತಡೆದು, ಹಿತ್ತಲಿನ ಕಡೆ ಮುಖ ಮಾಡಿ ಕರೆದರು.

"ಎಲ್ಲಿದೀಯೇ? ಬಾ, ಹೊತ್ತಾಯ್ತು. ಬಾಗಿಲು ತೆಗಿ."

ಮೈ ಒರೆಸುವ ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಹೊಸಲು ದಾಟಿದರು. ನಾನು ಈಗಷ್ಟೇ ಮುಚ್ಚಿದ್ದ ಬಾಗಿಲನ್ನು ಅಗಲವಾಗಿ ತೆಗೆದು, ಫ್ಯಾನಿನ ಗಾಳಿ ತಾಗದ ಹಾಗೆ ದೀಪಕ್ಕೆ ಎರಡೂ ಕೈ ಅಡ್ಡ ಹಿಡಿದು ನಿಂತರು. ಅಜ್ಜಿ ಕೈ ಮುಗಿದರು. ತುಟಿ ಸ್ವಲ್ಪ ಹೊತ್ತು ಆಡಿತು. ಆಮೇಲೆ, "ಸಾಕು ಕಣೇ" ಎಂದರು. ಆಕೆ ಬಾಗಿಲು ಮುಚ್ಚಿ ಬಂದು, ನನ್ನ ಕೈಯಿಂದ ಲೋಟ ತೆಗೆದುಕೊಂಡು ಕಾಫಿ ಬಗ್ಗಿಸಿದರು.

"ಅಜ್ಜಿ!" ಎಂದೆ. ದನಿ ನನ್ನ ಅಂಕೆ ಮೀರಿ ಏರಿತು. "ಕಿಂಡಿ ಇದೆಯಲ್ಲ ಅಜ್ಜಿ!"

"ಇದೆಯಮ್ಮ, ಯಾರು ಇಲ್ಲ ಅಂದ್ರು? ಚೆನ್ನಾಗಿದೆ. ಆದ್ರೆ ಕಿಂಡೀಲಿ ದೀಪ ಒಂದೇ ಕಾಣುತ್ತೆ. ಇವಳು ತೆಗೆದ್ರೆ ಎಲ್ಲಾ ಕಾಣುತ್ತೆ."

ಅವರು ನೆಮ್ಮದಿಯಾಗಿ ಕಾಫಿ ಕುಡಿದರು. ಆಪರೇಟರ್ ಅಣ್ಣ ಸ್ಪ್ಯಾನರು, ಸ್ಕ್ರೂಡ್ರೈವರು ಒಂದೊಂದೇ ಒರೆಸಿ ಚೀಲಕ್ಕೆ ಹಾಕಿಕೊಂಡರು. ನಾನು ಹಿತ್ತಲಿಗೆ ಹೋದೆ. ಆಕೆ ಬಕೆಟ್ಟು ತೊಳೆಯುತ್ತಿದ್ದರು. ಯಾವಾಗಿನಿಂದ ಹೀಗೆ ಎಂದು ಕೇಳಿದೆ.

"ನೀವು ದಾರ ಹಿಡಿದು ಹೋದ್ರಲ್ಲ, ಅದಾಗಿ ಎರಡು ದಿನಕ್ಕೆ. ಅವ್ರಿಗೆ ಕಣ್ಣು ಕತ್ಲೆ ಬಂದ್ಬಿಡ್ತು. ಹೊಟ್ಟೇಲಿ ಏನೂ ಇಲ್ವಲ್ಲ. ಆವಾಗ ಕೇಳಿದ್ರು, ಏನೇ, ಸ್ನಾನ ಆಗಿದೆಯಾ ಅಂತ. ಆಗಿದೆ ಅಂದೆ. ಹಂಗಾದ್ರೆ ತೆಗಿ ಅಂದ್ರು."

"ಅವತ್ತು ಆಗಿತ್ತಾ?"

ಆಕೆ ಬಕೆಟ್ಟು ಬೋರಲು ಹಾಕಿ ನನ್ನ ಮುಖ ನೋಡಿದರು. ಸಿಟ್ಟೇನೂ ಇರಲಿಲ್ಲ.

"ದಿನಾ ಆಗಿರ್ತದಲ್ಲಮ್ಮ. ನಾಲ್ಕೂವರೆಗೆ ಎದ್ದು ಸ್ನಾನ ಮಾಡ್ಕೊಂಡೇ ಮೊದಲ್ನೇ ಬಸ್ಸು ಹತ್ತೋದು ನಾನು. ಮೊದ್ಲು ಹಿತ್ತಲ ಕೆಲ್ಸಕ್ಕೆ, ಈಗ ಮೈ ಒರೆಸೋಕೆ, ಈ ಮನೇಗೆ ಬರ್ತಾ ಆರು ವರ್ಷ ಆಯ್ತು. ಅಡಿಗಿತೇ ಕದಮ್ಮಾ ಚೆಪ್ಪೇದಿ."

ತೆಲುಗಿನಲ್ಲಿ ಹಾಗಂದರು, ಕೇಳಿದರೆ ತಾನೇ ಹೇಳುವುದು ಎಂದು. ನನಗೆ ನಾಚಿಕೆಯಾಯಿತು. ನನ್ನ ಸ್ನಾನ ಅವತ್ತು ಆಗಿರಲಿಲ್ಲ ಎಂದು ಆಕೆಗೊಬ್ಬರಿಗಾದರೂ ಹೇಳಬೇಕು ಎನಿಸಿತು, ಬಾಯಿ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಂದೆ.